ಸಹಾಯ ಬೇಕ್ರಿ: ಜಾತಿ ನಿಂದನೆ ಕಂಪ್ಲೇಂಟ್ ತಗೊಳ್ಳವಲ್ರು

ನಮಸ್ಕಾರ್ರಿ, ನಾವು ವಿಜಯಪುರ ಜಿಲ್ಲಾದವ್ರು. ಮೊನ್ನೆ ಚಾದಂಗಡಿ ಮುಂದ ನನ್ನ ತಮ್ಮಗ ಜಾತಿ ಹಿಡಿದು ಬೈದು ಹೊಡದಾರ, ಸ್ಟೇಷನ್ನಿಗೆ ಹೋದ್ರ ಬರೇ ಜಗಳ ಅಂತ ಬರ್ಕೊಂಡು ಕಳಿಸಿದ್ರು, ಬೈದ ಮಾತು ಒಂದೂ ಬರ್ಕೊಂಡಿಲ್ಲ, ಮ್ಯಾಲ ರಾಜಿ ಆಗ್ರಿ ಅಂತಾರ. 1989ರ ಎಸ್‌ಸಿ/ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ, ಆ ಕಾಯ್ದೆ ಮತ್ತ ಅದರ ನಿಯಮದ ಪ್ರಕಾರ ತನಿಖೆನೂ ಡಿವೈಎಸ್ಪಿ ಇಲ್ಲಾ ಅವ್ರಿಗಿಂತ ಮ್ಯಾಲಿನವ್ರೇ ಮಾಡಬೇಕು, 60 ದಿನದಾಗ ಮುಗಿಸಬೇಕು ಅಂತ ಐತಿ. ಅದಕ್ಕ ಎಸ್ಪಿ ಸಾಹೇಬ್ರಿಗೆ ಪೋಸ್ಟಿನಾಗ ದೂರು ಕಳಸಾಕತ್ತೀವಿ. ಅರ್ಜಿಯೊಳಗ ಅವರು ಅಂದ ಮಾತು ಇದ್ದಂಗ ಬರೀಬೇಕೇನ್ರಿ? ಬರಿಯಾಕ ಕೈ ನಡಗತೈತಿ. 14566 ಹೆಲ್ಪ್‌ಲೈನಿಗೆ ಫೋನ್ ಹಚ್ಚಿದವ್ರು, ಇಂಥಾ ಕೇಸ್ ನಡಸಿದ ವಕೀಲರು ಯಾರರ ಇದ್ರ ತಿಳಸ್ರಿ ಅಣ್ಣಾರ, ಅಕ್ಕಾರ. ಅಂಗಡಿ ಸಿಸಿಟಿವಿ ಅಳಿಸಿ ಹೋಗೋದ್ರೊಳಗ ಲಗೂನ ಹೇಳ್ರಿ.