ಮೂಲ್ಯಾಗ ಬರೋ "ಕಂಪ್ಯೂಟರ್ ಕ್ಲೀನ್ ಮಾಡ್ರಿ" ಸಾಫ್ಟ್‌ವೇರ್ ನಂಬಬೇಕೋ ಬ್ಯಾಡೋ? ತಗದ್ರೂ ಹೋಗವಲ್ದು

ಬೆಟಗೇರಿ ಪ್ರೆಸ್:
ಎಲ್ಲಾರಿಗೂ ನಮಸ್ಕಾರ್ರಿ. ಗದಗ-ಬೆಟಗೇರಿಯೊಳಗ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನ್ಯಾಗ ಡಿಟಿಪಿ ಕೆಲಸ ನಂದು. ಮಷಿನ್ ಹಳೇದು. ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅದರಾಗ ಕೋರೆಲ್, ಪೇಜ್‌ಮೇಕರ್, ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಇಷ್ಟ ಇರೂದು.

ನುಡಿ ಮತ್ತೊಮ್ಮೆ ಹಾಕೂದಿತ್ತು. ನಮ್ಮ ಹುಡುಗ ಗೂಗಲ್‌ನ್ಯಾಗ ಹುಡುಕಿ, ಯಾವುದೋ ಸೈಟಿನ್ಯಾಗ ಹಸರು ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್ ಒತ್ಯಾನ. ನುಡಿ ಬರಲಿಲ್ಲ, ಗಡಿಯಾರದ ಬಾಜೂಕ ಒಂದು ಕಸಬರಿಗೆ ಚಿತ್ರ ಬಂದು ಕುಂತೈತಿ. ಕಂಪ್ಯೂಟರ್ ಚಾಲೂ ಮಾಡಿದ ಕೂಡ್ಲೆ ತಾನ ಸ್ಕ್ಯಾನ್ ಮಾಡಿ "1,847 ದೋಷ ಸಿಕ್ಕಾವು" ಅಂತ ಕೆಂಪು ಅಕ್ಷರದಾಗ ತೋರಸ್ತೈತಿ. ಸರಿ ಮಾಡು ಅಂತ ಒತ್ತಿದ್ರ ರೊಕ್ಕ ಕೇಳತೈತಿ, 1,999 ರೂಪಾಯಿ. ಕೆಳಗ ಒಂದು ಟೈಮರ್ ಓಡ್ತಿರತೈತಿ, ಅದು ಮುಗಿಯೂದ್ರಾಗ ಕೊಟ್ರ ಅರ್ಧಾ ರೇಟಂತ. ಇದರ ಜೊತಿಗೆ ಬಲಗಡೆ ಕೆಳಗ ಕೆಂಪು ಢಾಲಿನ ಚಿತ್ರದ್ದು ಪಾಪ್-ಅಪ್ ಬ್ಯಾರೆ, "ನಿಮ್ಮ ಫೈಲ್ ಅಳಿಸಿ ಹೋಗಲಿಕ್ಕತ್ತಾವು" ಅಂತ.

ಲಗ್ನದ ಸೀಸನ್, ಲಗ್ನಪತ್ರಿಕಾ ಫೈಲ್ ಎಲ್ಲಾ ಇದರಾಗ ಅದಾವು. ನಮ್ಮ ಮಾಲಕರು "ಎರಡ ಸಾವಿರ ತಾನ, ಕೊಟ್ಟು ಮುಗಿಸಿ ಬಿಡು" ಅನ್ನಾಕತ್ತಾರ. ಕೊಡೂಣೇನ್ರಿ?

ನರಗುಂದ ಬಂಡಾಯ:
ಫಾರ್ಮ್ಯಾಟ್ ಹೊಡದು ಬಿಡ್ರಿ. ಅರ್ಧಾ ದಿನದ ಕೆಲಸ.

ವಿದ್ಯಾನಗರ ರಿಪೇರಿ:
ಬಂಡಾಯ ಅವರ, ಸೀಸನ್‌ದಾಗ ಪ್ರೆಸ್ಸಿನ ಮಷಿನ್ ಫಾರ್ಮ್ಯಾಟ್ ಹೊಡೀರಿ ಅನ್ನೂದು ಹೇಳಾಕ ಭಾಳ ಹಗುರ. ಕೋರೆಲ್, ಫಾಂಟು, ಪ್ರಿಂಟರ್ ಡ್ರೈವರ್ ಎಲ್ಲಾ ಮತ್ತ ಹಾಕೋರು ಯಾರು?

ಪ್ರೆಸ್ ಅವರ, ಮೊದಲ ರೊಕ್ಕ ಕೊಡಬ್ಯಾಡ್ರಿ. ಕಾರಣ ಆಮ್ಯಾಲೆ ಹೇಳ್ತೇನಿ. ನನಗ ಎರಡು ವಿಷಯ ಗೊತ್ತಾಗಬೇಕು. ಒಂದು, ಬಲಗಡೆ ಕೆಳಗ ಬರೋ ಪಾಪ್-ಅಪ್‌ನ್ಯಾಗ ಸಣ್ಣ ಬೂದಿ ಅಕ್ಷರದಾಗ ಕ್ರೋಮ್ ಅಂತ ಅಥವಾ ಯಾವುದರೆ ವೆಬ್‌ಸೈಟಿನ ಹೆಸರು ಕಾಣತೈತೇನು? ಎರಡು, ಅದರಾಗ ಫೋನ್ ನಂಬರ್ ಐತೇನು? ನಂಬರ್ ಇದ್ರ ಯಾರೂ ಹಚ್ಚಬ್ಯಾಡ್ರಿ. ವಿಂಡೋಸ್ ತಾನಾಗಿ ಕೊಡೋ ಎಚ್ಚರಿಕೆಯೊಳಗ ಮೈಕ್ರೋಸಾಫ್ಟ್ ಎಂದೂ ಫೋನ್ ನಂಬರ್ ಹಾಕೂದಿಲ್ಲ.

ಬೆಟಗೇರಿ ಪ್ರೆಸ್:
ನಂಬರ್ ಇಲ್ರಿ. ಬೂದಿ ಅಕ್ಷರ ಐತ್ರಿ, ಕ್ರೋಮ್ ಅಂತ ಐತಿ, ಅದರ ಕೆಳಗ ಅರ್ಥ ಆಗಲಾರದ ಒಂದು ಸೈಟಿನ ಹೆಸರು. ಆದ್ರ ಕ್ರೋಮ್ ಮುಚ್ಚಿದ್ರೂ ಬರತೈತಲ್ರಿ?

ವಿದ್ಯಾನಗರ ರಿಪೇರಿ:
ಹಂಗಾದ್ರ ನಿಮಗ ಬಂದಿದ್ದು ಒಂದು ರೋಗ ಅಲ್ಲ, ಎರಡು. ಕಸಬರಿಗೆ ಅನ್ನೂದು ಮಷಿನ್ ಒಳಗ ಇನ್‌ಸ್ಟಾಲ್ ಆದ ಸಾಫ್ಟ್‌ವೇರ್. ಕೆಂಪು ಢಾಲು ಅನ್ನೂದು ವೈರಸ್ಸೂ ಅಲ್ಲ, ಸಾಫ್ಟ್‌ವೇರೂ ಅಲ್ಲ, ಕ್ರೋಮ್ ತೋರಸೋ ನೋಟಿಫಿಕೇಶನ್. ಯಾವುದೋ ಪೇಜಿನ್ಯಾಗ "ನೀವು ರೋಬೋ ಅಲ್ಲಾಂದ್ರ ಅಲೌ ಒತ್ರಿ" ಅಂತ ಬಂದಿರತೈತಿ, ಯಾರೋ ಒತ್ತಿರತಾರ. ಅವತ್ತಿಂದ ಆ ಸೈಟು ನಿಮ್ಮ ಪರದೆ ಮ್ಯಾಲೆ ಬೇಕಾದ್ದು ಬರಿಯಾಕ ಪರವಾನಗಿ ಪಡದೈತಿ. ಕ್ರೋಮ್ ಕಿಟಕಿ ಮುಚ್ಚಿದ್ರೂ ಹಿಂದಿಂದ ಅದು ನಡೀತಿರಬಹುದು, ಅದಕ್ಕ ಬರತೈತಿ. ಕಸಬರಿಗಿ ಎಷ್ಟ ತಗದ್ರೂ ಢಾಲು ಹೋಗೂದಿಲ್ಲ. ಮಂದಿ ಇಲ್ಲೇ ಎಡವತಾರ.

ಈಗ ನಂಬಬೇಕೋ ಬ್ಯಾಡೋ ಅನ್ನೂದು. ಸಂತ್ಯಾಗ ಹಲ್ಲಿಂದ ಹುಳಾ ತಗದು ತೋರಸೋರನ್ನ ನೋಡಿರಬೇಕಲ್ಲ? ಹುಳಾ ಅವರ ಕೈಯಾಗ ಮೊದಲ ಇರತೈತಿ. ಇದೂ ಹಂಗ. ಆ 1,847 ದೋಷ ಅಂತಾರಲ್ಲ, ಅದನ್ನ ಬಿಚ್ಚಿ ನೋಡ್ರಿ: ಬ್ರೌಸರ್ ಕುಕೀ (ಸೈಟುಗಳು ಇಟ್ಟು ಹೋಗೋ ಸಣ್ಣ ಫೈಲು), ಟೆಂಪರರಿ ಫೈಲು, ರಿಜಿಸ್ಟ್ರಿಯೊಳಗ (ವಿಂಡೋಸ್ ತನ್ನ ಸೆಟ್ಟಿಂಗ್ ಬರದಿಡೋ ಜಾಗಾ) ಉಳಿದ ಹಳೇ ಸಾಲು. ಇವು ದಿನಾ ಹುಟ್ಟತಾವು, ಎಲ್ಲಾ ಮಷಿನ್ನಿನ್ಯಾಗ ಇರತಾವು, ಕೆಲಸಕ್ಕ ಅಡ್ಡಿ ಇಲ್ಲ. ಒಂದೊಂದು ಕುಕೀನೂ ಒಂದೊಂದು ದೋಷ ಅಂತ ಎಣಿಸಿದ್ರ ಸಾವಿರ ದಾಟೂದು ಏನ್ ದೊಡ್ಡ ಮಾತು? ಅಂಗಡಿಗೆ ಬಂದ ಹೊಸಾ ಲ್ಯಾಪ್‌ಟಾಪಿಗೂ ಇಂಥಾವು ನೂರಾರು ದೋಷ ತೋರಿಸಿದ್ದು ನಾ ನೋಡೇನಿ.

ಇದು ನನ್ನ ಸಂಶಯ ಅಷ್ಟ ಅಲ್ಲ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2019ರಾಗ ಆಫೀಸ್ ಡಿಪೋ ಅನ್ನೋ ಅಂಗಡಿಗಳ ಸರಣಿ ಮತ್ತ ಅದಕ್ಕ ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್ ಡಾಟ್ ಕಾಮ್ ಮ್ಯಾಲೆ ಕೇಸ್ ಹಾಕಿತ್ತು. ಸ್ಕ್ಯಾನ್ ಮಾಡೂಕಿಂತ ಮೊದಲ "ಕಂಪ್ಯೂಟರ್ ನಿಧಾನ ಆಗೈತೇನು, ಪಾಪ್-ಅಪ್ ಬರತಾವೇನು" ಅಂತ ನಾಕು ಪ್ರಶ್ನೆ ಇದ್ದುವಂತ. ಒಂದಕ್ಕ ಹೌದು ಅಂದ್ರ ಸಾಕು, ಸ್ಕ್ಯಾನಿನ್ಯಾಗ ಏನೂ ಸಿಗದಿದ್ರೂ ಮಾಲ್‌ವೇರ್ (ಕೇಡು ಮಾಡೋ ಸಾಫ್ಟ್‌ವೇರ್) ಲಕ್ಷಣ ಐತಿ ಅಂತ ತೋರಸ್ತಿತ್ತು ಅನ್ನೂದು ಆರೋಪ. ಇಬ್ಬರೂ ಕೂಡಿ 3.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. 2024ರಾಗ ರೆಸ್ಟೋರೋ, ರೀಇಮೇಜ್ ಅನ್ನೋವು 2.6 ಕೋಟಿ ಡಾಲರ್ ಕೊಟ್ಟುವು. ಅವರ ಪಾಪ್-ಅಪ್ಪು ವಿಂಡೋಸಿನ ವೇಷದಾಗ ಬರತಿತ್ತು. ಮೈಕ್ರೋಸಾಫ್ಟ್ ಸುದ್ದಾ 2018ರ ಮಾರ್ಚ್ ಒಂದರಿಂದ, ಬಿಟ್ಟಿ ಸ್ಕ್ಯಾನಿನ್ಯಾಗ ಅಂಜಿಸಿ ರೊಕ್ಕದ ಪೂರ್ತಿ ಆವೃತ್ತಿ ಮಾರೋ ಸಾಫ್ಟ್‌ವೇರನ್ನ ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಡಿಫೆಂಡರ್‌ದಿಂದ ತಗಸಾಕ ಚಾಲೂ ಮಾಡ್ತು.

ಈಗ ತಗಿಯೂದು. ಮೊದಲ ಪತ್ರಿಕಾ ಫೈಲು, ಫಾಂಟ್ ಫೋಲ್ಡರ್ ಪೆನ್ ಡ್ರೈವಿಗೆ ಹಾಕ್ಕೊಂಡು ಪೆನ್ ಡ್ರೈವ್ ಬಿಚ್ಚಿ ತಗದಿಡ್ರಿ. ಆಮ್ಯಾಲೆ ಢಾಲು: ಕ್ರೋಮಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಪರವಾನಗಿ ಪಡದ ಸೈಟುಗಳ ಪಟ್ಟಿ ಇರತೈತಿ. ಗುರತಿಲ್ಲದ್ದೆಲ್ಲಾ ತಗೀರಿ. ಪ್ರೆಸ್ಸಿನ ಮಷಿನ್ನಿಗೆ ಯಾವ ಸೈಟಿನ ನೋಟಿಫಿಕೇಶನ್ನೂ ಬೇಕಾಗಿಲ್ಲ, ಪೂರ್ತಿ ಬಂದ್ ಮಾಡಿದ್ರೂ ನಡೀತೈತಿ. ಅದ ಸೆಟ್ಟಿಂಗ್ಸಿನ ಸಿಸ್ಟಮ್ ಅನ್ನೋದ್ರಾಗ, ಕ್ರೋಮ್ ಮುಚ್ಚಿದ ಮ್ಯಾಲೂ ಹಿಂದಿಂದ ನಡಿಯೂ ಸ್ವಿಚ್ ಐತಿ, ಅದನ್ನೂ ಆರಿಸ್ರಿ. ಎಕ್ಸ್‌ಟೆನ್ಶನ್ ಪಟ್ಟಿನೂ ಒಮ್ಮೆ ನೋಡ್ರಿ.

ಕಸಬರಿಗಿಗೆ ಕಂಟ್ರೋಲ್ ಪ್ಯಾನಲ್‌ನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್ ತಗದು, ಇನ್‌ಸ್ಟಾಲ್ ಆದ ತಾರೀಖಿನ ಮ್ಯಾಲೆ ಒತ್ತಿ ಸಾಲಾಗಿ ಹಚ್ಚಿ ನೋಡ್ರಿ. ಅವತ್ತ ಕಸಬರಿಗಿ ಜೊತಿಗೆ ಮತ್ತೇನೇನು ಬಂದಾವು ಕಾಣತೈತಿ. ಎಲ್ಲಾ ಅನ್‌ಇನ್‌ಸ್ಟಾಲ್ ಮಾಡಿ ಬರೀರಿ.

ಸಾಧನಕೇರಿ ಮಾಸ್ತರ:
ವಿದ್ಯಾನಗರದವರ ಮಾತು ಖರೇ ಅದ. ಆದ್ರ ಎಲ್ಲಾ ಕ್ಲೀನರ್ರೂ ಮೋಸ ಅಂದ್ರ ನಾ ಒಪ್ಪೂದಿಲ್ಲ. ಸಿಸಿಕ್ಲೀನರ್ ನಾ ಧಾರವಾಡದಾಗ ಸಾಲಿ ಕಂಪ್ಯೂಟರ್‌ಗಳಿಗೆ ಭಾಳ ವರ್ಷದಿಂದ ಹಾಕ್ಲಿಕ್ಕೆ ಹತ್ತೇನಿ. ಏನೂ ತೊಂದರಿ ಆಗಿಲ್ಲ.

ವಿದ್ಯಾನಗರ ರಿಪೇರಿ:
ಮಾಸ್ತರ, ಅದನ್ನ ಈ ಕಸಬರಿಗಿ ಸಾಲಿನ್ಯಾಗ ಕುಂಡ್ರಸೂದಿಲ್ಲ, ಅದು ಅಸಲಿ ಕಂಪನಿದು. ಆದ್ರೂ 2017ರಾಗ ಏನಾತು ನೆನಪೈತಲ್ಲ? ಕಳ್ಳರು ಕಂಪನಿಯೊಳಗ ಹೊಕ್ಕು 5.33 ಆವೃತ್ತಿಯೊಳಗ ಮಾಲ್‌ವೇರ್ ಸೇರಿಸಿದ್ರು. ಆಗಸ್ಟ್ ನಡುವಿಂದ ಸೆಪ್ಟೆಂಬರ್ ತನಕ ಕಂಪನಿಯ ಸ್ವಂತ ಸೈಟಿಂದನ ಅದು ಹಂಚಿಕಿ ಆತು, ಸುಮಾರು 22.7 ಲಕ್ಷ ಮಂದಿ ಮಷಿನ್ನಿಗೆ ಹೋತು. ಬ್ಯಾಡಾದ ಒಂದು ಸಾಫ್ಟ್‌ವೇರಿಗೆ ಅಡ್ಮಿನ್ ಪರವಾನಗಿ ಕೊಟ್ಟು ಇಟ್ಕೊಳ್ಳೂದು ಯಾಕ ಅನ್ನೂದಷ್ಟ ನನ್ನ ತಕರಾರು. ಅದರಾಗಿನ ರಿಜಿಸ್ಟ್ರಿ ಕ್ಲೀನರ್ ಅಂತೂ ಮುಟ್ಟಬ್ಯಾಡ್ರಿ. ಅಲ್ಲಿ ನಾಕು ಹಳೇ ಸಾಲು ಉಳದ್ರ ಮಷಿನ್ ನಿಧಾನ ಆಗೂದಿಲ್ಲ, ಬ್ಯಾಡಾದ್ದು ಅಂತ ತಪ್ಪಾಗಿ ಒಂದು ಸಾಲು ತಗದ್ರ ಮಾತ್ರ ಯಾವುದರೆ ಸಾಫ್ಟ್‌ವೇರ್ ಮಕಾಡೆ ಬೀಳತೈತಿ. ಇಂಥಾ ಕ್ಲೀನರ್ ಹಚ್ಚೂದಕ್ಕ ಮೈಕ್ರೋಸಾಫ್ಟೂ ಬೆಂಬಲ ಕೊಡೂದಿಲ್ಲ.

ಜಾಗಾ ಖಾಲಿ ಮಾಡೂದಾದ್ರ ವಿಂಡೋಸಿನ ಡಿಸ್ಕ್ ಕ್ಲೀನಪ್ ಇಲ್ಲಾ ಸ್ಟೋರೇಜ್ ಸೆನ್ಸ್ ಸಾಕು. ಅದರಾಗ ಡೌನ್‌ಲೋಡ್ಸ್ ಅನ್ನೋದಕ್ಕ ಮಾತ್ರ ಟಿಕ್ ಹಾಕಬ್ಯಾಡ್ರಿ. ಪ್ರೆಸ್ಸಿನೋರಿಗೆ ಇದು ಒತ್ತಿ ಹೇಳ್ತೇನಿ, ಗಿರಾಕಿ ವಾಟ್ಸ್ಆ್ಯಪಿನ್ಯಾಗ ಕಳಿಸಿದ ಮದುಮಕ್ಕಳ ಫೋಟೋ ಅಲ್ಲೇ ಇರತಾವು.

ಸಾಧನಕೇರಿ ಮಾಸ್ತರ:
ರಿಜಿಸ್ಟ್ರಿದು ಒಪ್ಪಿದೆ. ಉಳಿದದ್ದು ವಿಚಾರ ಮಾಡ್ತೇನಿ.

ಬೆಟಗೇರಿ ಪ್ರೆಸ್:
ಢಾಲು ಹೋತ್ರಿ! ಪಟ್ಟಿಯೊಳಗ ಒಂದಲ್ಲ, ಒಂದು ಹಿಂಡ ಸೈಟ್ ಇದ್ದುವು. ಎಲ್ಲಾ ತಗದೆ.

ಕಸಬರಿಗಿ ಕಾಡಾಕತ್ತೈತಿ. ಅನ್‌ಇನ್‌ಸ್ಟಾಲ್ ಒತ್ತಿದ್ರ "ಹೋಗಬ್ಯಾಡ್ರಿ, 70 ಪರ್ಸೆಂಟ್ ರಿಯಾಯ್ತಿ" ಅಂತ ಪುಟ ಬಂತು. ದೊಡ್ಡ ನೀಲಿ ಬಟನ್ ಇದ್ದಿದ್ದು ಇಟ್ಕೊಳ್ಳಾಕ, ತಗಿಯೂದು ಮೂಲ್ಯಾಗ ಸಣ್ಣ ಬೂದಿ ಅಕ್ಷರದಾಗ. ಹುಡಿಕಿ ಒತ್ತಿದೆ, ಪಟ್ಟಿಯಿಂದ ಹೋತು. ಮುಂಜಾನೆ ಮಷಿನ್ ಚಾಲೂ ಮಾಡಿದ್ರ ಮತ್ತ ಕುಂತೈತಿ!

ವಿದ್ಯಾನಗರ ರಿಪೇರಿ:
ಹೋಗೂವಾಗ ಬೀಜ ಬಿಟ್ಟು ಹೋಗೈತಿ. ಟಾಸ್ಕ್ ಶೆಡ್ಯೂಲರ್ ಅಂತ ಸ್ಟಾರ್ಟ್ ಮೆನುದಾಗ ಹುಡಕ್ರಿ. ಎಡಗಡೆ ಲೈಬ್ರರಿ ಒತ್ತಿದ್ರ ಪಟ್ಟಿ ಬರತೈತಿ. ಅದರಾಗ ಕಸಬರಿಗಿ ಹೆಸರಿಂದ, ಅಥವಾ ಬರೇ ಅಪ್‌ಡೇಟರ್ ಅಂತಂದು, "ಲಾಗಾನ್ ಆದಾಗ ಓಡ್ಸು" ಅನ್ನೋದು ಇರತೈತಿ. ಆ್ಯಕ್ಷನ್ಸ್ ಅನ್ನೋದ್ರಾಗ ಅದು ಯಾವ ಫೋಲ್ಡರಿನ ಫೈಲ್ ಓಡಸ್ತೈತಿ ನೋಡ್ಕೊಂಡು, ಖಾತ್ರಿ ಆದ್ರ ಅಳಸ್ರಿ. ಗೂಗಲ್, ಅಡೋಬಿ, ಮೈಕ್ರೋಸಾಫ್ಟ್ ಹೆಸರಿನೂ ಇರತಾವು, ಅವನ್ನ ಬಿಡ್ರಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್‌ನ್ಯಾಗೂ ಒಮ್ಮೆ ಇಣುಕ್ರಿ.

ಆಮ್ಯಾಲೆ ಮಾಲ್‌ವೇರ್‌ಬೈಟ್ಸಿನ ಆ್ಯಡ್‌ಡಬ್ಲ್ಯೂಕ್ಲೀನರ್ ಅಂತ ಐತಿ, ಇಂಥಾ ಬ್ಯಾಡಾದ ಸಾಫ್ಟ್‌ವೇರ್ ಹುಡುಕಿ ತಗಿಯೂದು, ಪುಕ್ಕಟಿ, ಇನ್‌ಸ್ಟಾಲ್ ಮಾಡೂದೂ ಬ್ಯಾಡ. ಅವರ ಸ್ವಂತ ಸೈಟಿಂದ ಇಳಿಸ್ರಿ, ಮತ್ತ ಹಸರು ಬಟನ್ ಕಥೆ ಆಗಬಾರದು. ಸ್ಕ್ಯಾನ್ ಆದ ಮ್ಯಾಲೆ ಪಟ್ಟಿ ತೋರಸ್ತೈತಿ, ಓದಿ ಕ್ವಾರಂಟೈನ್ (ಬ್ಯಾರೆ ಕಡೆ ಕೂಡಿಹಾಕೂದು) ಮಾಡ್ರಿ. ನುಡಿದು ಏನರೆ ಬಂದಿದ್ರ ಅದರ ಟಿಕ್ ತಗೀರಿ.

ಕಡೀಕ ವಿಂಡೋಸ್ ಸೆಕ್ಯುರಿಟಿಯೊಳಗ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್, ರೆಪ್ಯುಟೇಶನ್-ಬೇಸ್ಡ್ ಪ್ರೊಟೆಕ್ಷನ್. ಅಲ್ಲಿ "ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್" ಆನ್ ಮಾಡ್ರಿ. ಇದು ಆನ್ ಇದ್ದಿದ್ರ ಕಸಬರಿಗಿ ಬಾಗಲದಾಗ ನಿಂದರಬಹುದಿತ್ತು.

ಬ್ಯಾಡಗಿ ಮೆಣಸಿನಕಾಯಿ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಬೆಂಗಳೂರಲ್ಲಿದ್ದೀನಿ, ಅಪ್ಪ ಊರಲ್ಲಿ. ಅವರಿಗೂ ಇಂಥದ್ದೇ ಬಂದಿತ್ತು, ಆದರೆ ಪರದೆ ತುಂಬಾ, ಜೊತೆಗೆ ಫೋನ್ ನಂಬರ್ ಇತ್ತಂತೆ. ಅಪ್ಪ ಫೋನ್ ಮಾಡಿದಾರೆ. ಅವರು ಹಿಂದಿಯಲ್ಲಿ ಮಾತಾಡಿ ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್) ಹಾಕಿಸಿ, ಕಾರ್ಡಿನಿಂದ ದುಡ್ಡು ತೆಗೆದುಕೊಂಡು, ಬಂದ ಓಟಿಪಿಯನ್ನೂ ಕೇಳಿ ಪಡೆದಿದ್ದಾರೆ. ನಿನ್ನೆ ಸಂಜೆ ಆದದ್ದು. ಈಗ ಏನು ಮಾಡಲಿ?

ವಿದ್ಯಾನಗರ ರಿಪೇರಿ:
ತಂಗಿ, ಈಗಿಂದೀಗ ಅಪ್ಪಾರಿಗೆ ಫೋನ್ ಹಚ್ಚಿ ಕಂಪ್ಯೂಟರಿನ ಇಂಟರ್‌ನೆಟ್ ತಗಸು, ವೈಫೈ ಬಾಕ್ಸೇ ಆರಿಸಿದ್ರೂ ಆತು. ಕೂಡ್ಲೆ ಬ್ಯಾಂಕಿನ ಅಧಿಕೃತ ನಂಬರಿಗೆ ಹಚ್ಚಿ ಕಾರ್ಡ್ ಬ್ಲಾಕ್, ನೆಟ್‌ಬ್ಯಾಂಕಿಂಗ್ ಬ್ಲಾಕ್. ಆಮ್ಯಾಲೆ ಸೈಬರ್ ಮೋಸದ ಸಹಾಯವಾಣಿ 1930. ಎಷ್ಟ ಲಗೂ ಹೇಳ್ತಿ ಅಷ್ಟ ಛಲೋ, ರೊಕ್ಕ ಇನ್ನೊಂದು ಖಾತೆಗೆ ದಾಟೂದ್ರಾಗ ಹಿಡಿಯಾಕ ಆದ್ರ ಆತು. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ಲಿನ್ಯಾಗೂ ದೂರು ಹಾಕಿ, ದೂರಿನ ನಂಬರ್ ಬರದಿಟ್ಕೋ. ಹಾವೇರಿಯ ಸಿಇಎನ್ (ಸೈಬರ್ ಅಪರಾಧ ನೋಡೋ) ಪೊಲೀಸ್ ಠಾಣೆಗೆ ಅಪ್ಪಾರು ಹೋದ್ರ ಅದ ನಂಬರ್ ಕೇಳತಾರ.

ಸಾಧನಕೇರಿ ಮಾಸ್ತರ:
ತಂಗಿ, ಇದಕ್ಕ ಒಂದು ಮಾತು ಸೇರಸ್ತೇನಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ಗ್ರಾಹಕರು ತಾವ ಓಟಿಪಿ ಕೊಟ್ಟು ಆದ ನಷ್ಟ, ಬ್ಯಾಂಕಿಗೆ ತಿಳಿಸೋತನಕ ಅವರದ. ತಿಳಿಸಿದ ಮ್ಯಾಲೆ ಆದದ್ದು ಬ್ಯಾಂಕಿಂದು. ಅಂದ್ರ ಇವತ್ತ ತಡಾ ಮಾಡಿದ ಒಂದೊಂದು ತಾಸೂ ಅಪ್ಪಾರ ಲೆಕ್ಕಕ್ಕ ಬರ್ತದ. ಬ್ಯಾಂಕಿಗೆ ಹೇಳಿದ ವ್ಯಾಳ್ಯಾ, ದೂರಿನ ಸಂಖ್ಯೆ ಎರಡೂ ಬರಹದಾಗ ಇರಲಿ. ಪಾಸ್‌ವರ್ಡ್ ಬದಲ ಮಾಡೂದು ಆ ಮಷಿನ್‌ದಾಗ ಬ್ಯಾಡ, ಬ್ಯಾರೆ ಫೋನಿನ್ಯಾಗ ಮಾಡಸು.

ಬ್ಯಾಡಗಿ ಮೆಣಸಿನಕಾಯಿ:
ಕಾರ್ಡ್ ಬ್ಲಾಕ್ ಆಯ್ತು. 1930ಕ್ಕೆ ಲೈನ್ ಸಿಕ್ಕಿದೆ. ಅಪ್ಪನಿಗೆ ಬೈಬೇಕು ಅನಿಸ್ತಿದೆ, ಬೈತಿಲ್ಲ.

ವಿದ್ಯಾನಗರ ರಿಪೇರಿ:
ಬೈಬ್ಯಾಡ. ಬೈದ್ರ ಮುಂದಿನ ಸಲ ನಿನಗ ಹೇಳೂದ ಇಲ್ಲ. ಎನಿಡೆಸ್ಕ್ ತಗಸು. ಅವರು ಒಳಗ ಮತ್ತೇನು ಇಟ್ಟು ಹೋಗ್ಯಾರೋ ಗೊತ್ತಿಲ್ಲ. ಪ್ರೆಸ್ಸಿನವರಿಗೆ ಬ್ಯಾಡ ಅಂದೆ, ಆದ್ರ ನಿಮ್ಮಪ್ಪಾರ ಮಷಿನ್ನಿಗೆ ಫಾರ್ಮ್ಯಾಟ ಖರೇ ಔಷಧಿ. ಬಂಡಾಯ ಅವರು ಖುಷಿ ಪಡ್ಲಿ.

ನರಗುಂದ ಬಂಡಾಯ:
ನಾ ಮೊದಲ ಹೇಳಿದ್ದೆ.

ಬೆಟಗೇರಿ ಪ್ರೆಸ್:
ಶೆಡ್ಯೂಲರ್‌ನ್ಯಾಗ ಅಪ್‌ಡೇಟರ್ ಅಂತ ಇತ್ರಿ, ಕಸಬರಿಗಿ ಫೋಲ್ಡರನ್ನ ತೋರಸ್ತಿತ್ತು, ಅಳಸಿದೆ. ಆ್ಯಡ್‌ಡಬ್ಲ್ಯೂಕ್ಲೀನರ್ ಒಂದಿಷ್ಟು ಹಿಡೀತು. ಮುಂಜಾನೆ ಚಾಲೂ ಮಾಡಿದೆ, ಕಸಬರಿಗಿ ಇಲ್ಲ, ಢಾಲು ಇಲ್ಲ. ನುಡಿನೂ ಕನ್ನಡ ಗಣಕ ಪರಿಷತ್ತಿನ ಸೈಟಿಂದ ಇಳಿಸಿ ಹಾಕಿದೆ. ಮಾಲಕರ ಎರಡ ಸಾವಿರ ಉಳೀತು.

ಒಂದ ಮಾತು. ಮಷಿನ್ ಇನ್ನೂ ಎತ್ತಿನ ಗಾಡಿ ಆಗೇ ಐತಿ. ಟಾಸ್ಕ್ ಮ್ಯಾನೇಜರ್‌ನ್ಯಾಗ ಡಿಸ್ಕ್ ನೂರು ಪರ್ಸೆಂಟ್ ತೋರಸ್ತೈತಿ. ಇನ್ನೂ ಏನರೆ ಉಳದೈತೇನು?

ವಿದ್ಯಾನಗರ ರಿಪೇರಿ:
ಉಳದಿದ್ದು ಹಳೇ ಹಾರ್ಡ್ ಡಿಸ್ಕ್. ಆ ಎರಡ ಸಾವಿರಕ್ಕ ಮ್ಯಾಲೆ ಏನರೆ ಹಾಕಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಭಾಳ ಜೋರಿನ ಡಿಸ್ಕ್) ಹಾಕಸ್ರಿ, ಸಾಧ್ಯ ಆದ್ರ ಇನ್ನೊಂದು 4 ಜಿಬಿ ರ‍್ಯಾಮ್. ಯಾವ ಕ್ಲೀನರ್ರೂ ಮಾಡಲಾರದ ಕೆಲಸ ಅದು ಮಾಡತೈತಿ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟಿನ ಸಾದಾ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದೈತಿ. ನಿಮ್ಮ ಐ3 ಎಂಟನೇ ಪೀಳಿಗೆಗಿಂತ ಹಳೇದಿದ್ರ ವಿಂಡೋಸ್ 11ಕ್ಕ ಅಧಿಕೃತವಾಗಿ ಅರ್ಹ ಇಲ್ಲ. ಹಂಗಾದ್ರ ಈ ಮಷಿನ್‌ದಾಗ ಬ್ಯಾಂಕಿನ ಕೆಲಸ ಮಾಡಬ್ಯಾಡ್ರಿ, ಬರೇ ಡಿಸೈನಿಗೆ ಇಟ್ಕೋರಿ.

ಬೆಟಗೇರಿ ಪ್ರೆಸ್:
ಎಸ್‌ಎಸ್‌ಡಿ ಹಾಕಿಸಿದ್ರ ಕೋರೆಲ್, ಪೇಜ್‌ಮೇಕರ್ ಎಲ್ಲಾ ಮತ್ತ ಇನ್‌ಸ್ಟಾಲ್ ಮಾಡಬೇಕೇನ್ರಿ?

ವಿದ್ಯಾನಗರ ರಿಪೇರಿ:
ಬ್ಯಾಡ್ರಿ. ಹಳೇ ಡಿಸ್ಕ್ ಕ್ಲೋನ್ ಮಾಡಿದ್ರ ಇದ್ದದ್ದು ಇದ್ದಂಗ ಬರತೈತಿ. ಅದಕ್ಕಿಂತ ಮೊದಲ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಶನ್ಸ್‌ನ್ಯಾಗ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಒಮ್ಮೆ ಓಡ್ಸ್ರಿ. ಮಷಿನ್ ತಾನ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತಗೋತೈತಿ, ತೆರದ ಪತ್ರಿಕಾ ಫೈಲ್ ಮೊದಲ ಸೇವ್ ಮಾಡ್ಕೋರಿ. ಈ ಸ್ಕ್ಯಾನ್ ಮಾಡಲಿಲ್ಲಾಂದ್ರ ಉಳದ ಕಸಾನೂ ಎಸ್‌ಎಸ್‌ಡಿಗೆ ಕ್ಲೋನ್ ಆಕ್ಕತಿ.