ಹುಡುಕಿದ ಪದ ಸರ್ಚ್ ಡೈಲಾಗ್ ಹಿಂದೆಯೇ ಅಡಗುತ್ತದೆ, ಹೇಗೆ ಸರಿಮಾಡಲಿ?

ಪ್ರಶ್ನೆ:
ಡೆಸ್ಕ್‌ಟಾಪ್‌ಗೆ ಒಂದು ಪುಟ್ಟ ಟೆಕ್ಸ್ಟ್ ಎಡಿಟರ್ ಬರೆಯುತ್ತಿದ್ದೇನೆ. ಉಳಿದದ್ದೆಲ್ಲ ಪರವಾಗಿಲ್ಲ, ಸರ್ಚ್ ಡೈಲಾಗ್ ಮಾತ್ರ ತಲೆನೋವು. ಕಂಟ್ರೋಲ್ ಎಫ್ ಒತ್ತಿದರೆ ಪರದೆಯ ನಟ್ಟನಡುವೆ ಬಂದು ಕೂರುತ್ತದೆ, ಸಿಕ್ಕ ಪದ ಅದರ ಹಿಂದೆಯೇ ಇರುತ್ತದೆ. ಸಿಗದಿದ್ದರೆ ‘ಸಿಗಲಿಲ್ಲ’ ಅಂತ ಇನ್ನೊಂದು ಕಿಟಕಿ, ಅದಕ್ಕೊಂದು ಓಕೆ. ನಿನ್ನೆ ಉದ್ದದ ಫೈಲ್‌ನಲ್ಲಿ ಒಂದು ಹೆಸರು ತಿದ್ದಲು ಕೂತೆ, ಡೈಲಾಗ್ ತೆರೆದಿರುವಾಗ ಪಠ್ಯವನ್ನು ಮುಟ್ಟಲೂ ಆಗುವುದಿಲ್ಲ, ಪ್ರತಿ ಸಲ ಮುಚ್ಚು, ತಿದ್ದು, ಮತ್ತೆ ತೆರೆ, ಮತ್ತೆ ಅದೇ ಪದ ಟೈಪ್ ಮಾಡು. ಇದನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಮೊದಲು ಅದು ಮೋಡಲ್ (ಅಂದರೆ ಮುಚ್ಚುವವರೆಗೆ ಬೇರೇನನ್ನೂ ಮುಟ್ಟಲು ಬಿಡದ ಕಿಟಕಿ) ಆಗಿರುವುದನ್ನು ತೆಗೆಯಿರಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಸಾಧ್ಯವಾದರೆ ಡೈಲಾಗ್ ಅನ್ನೇ ಬಿಟ್ಟು ಕಿಟಕಿಯ ಅಂಚಿಗೆ ಒಂದು ಪಟ್ಟಿ ಇಡಿ, 2004ರಲ್ಲಿ ಬಂದ ಫೈರ್‌ಫಾಕ್ಸ್ 1.0 ಇದನ್ನೇ ಮಾಡಿತ್ತು. ‘ಸಿಗಲಿಲ್ಲ’ ಅನ್ನುವುದನ್ನು ಆ ಪಟ್ಟಿಯಲ್ಲೇ ಬರೆಯಿರಿ. ಸುಮ್ನೆ ಬಾಕ್ಸ್ ಕೆಂಪು ಮಾಡಿದರೆ ಸಾಲದು, ಬಣ್ಣ ಗುರುತಿಸಲಾಗದವರೂ ಇರುತ್ತಾರೆ. ಪಟ್ಟಿ ಮುಚ್ಚಿದ ಮೇಲೂ ಎಫ್3 ಮುಂದಿನದಕ್ಕೆ, ಶಿಫ್ಟ್ ಎಫ್3 ಹಿಂದಿನದಕ್ಕೆ ಹೋಗಬೇಕು.

ಉತ್ತರ 2:
ಮೇಲಿನದೆಲ್ಲ ಸರಿ, ಆದರೆ ಜನ ಜಾಸ್ತಿ ಎಡವುವುದು ಬೇರೆ ಕಡೆ. ಒಂದೊಂದು ಅಕ್ಷರ ಟೈಪ್ ಮಾಡಿದ ಹಾಗೆ ಹುಡುಕುವಾಗ, ಪ್ರತಿ ಸಲವೂ ಹುಡುಕಾಟ ಶುರುವಾದ ಜಾಗದಿಂದಲೇ ನೋಡಬೇಕು. ಈಗ ಸಿಕ್ಕ ಪದದ ಮುಂದಿನಿಂದ ನೋಡಿದರೆ ‘ಮ’, ‘ಮರ’, ‘ಮರಳು’ ಅನ್ನುವಷ್ಟರಲ್ಲಿ ಮೂರು ಪುಟ ಹಾರಿರುತ್ತೀರಿ, ಹತ್ತಿರದಲ್ಲೇ ಇದ್ದ ‘ಮರಳು’ ತಪ್ಪಿಹೋಗಿರುತ್ತದೆ. ಇಮ್ಯಾಕ್ಸ್ ಅನ್ನುವ ಎಡಿಟರ್‌ನಲ್ಲಿ ಹುಡುಕುತ್ತಾ ಎಂಟರ್ ಒತ್ತಿದರೆ ಸಿಕ್ಕಲ್ಲೇ ನಿಲ್ಲುತ್ತದೆ, ಕಂಟ್ರೋಲ್ ಜಿ ಒತ್ತಿದರೆ ಹೊರಟಲ್ಲಿಗೇ ವಾಪಸ್. ನನಗೆ ತುಂಬಾ ಇಷ್ಟವಾದ ನಡವಳಿಕೆ ಇದು. ಸುಮ್ಮನೆ ಇಣುಕಿ ನೋಡಲು ಹೋದವರು ತಮ್ಮ ಜಾಗ ಕಳೆದುಕೊಳ್ಳಬಾರದು ಅಲ್ವಾ?

ಆಯ್ಕೆ ಮಾಡಿದ ಪದ ತಾನಾಗಿ ಬಾಕ್ಸ್‌ಗೆ ಬರಲಿ. ಕೊನೆ ತಲುಪಿದರೆ ಮೊದಲಿಂದ ಹುಡುಕಲಿ, ಆದರೆ ಸುತ್ತಿ ಬಂದೆ ಅಂತ ಹೇಳಲಿ. ವಿಂಡೋಸ್‌ನ ನೋಟ್‌ಪ್ಯಾಡ್‌ಗೇ ಇವೆರಡೂ 2018ರಲ್ಲಿ ಬಂದವು.

ಉತ್ತರ 3:
ಕನ್ನಡ ಪಠ್ಯ ಇದ್ದರೆ ಇನ್ನೊಂದು ಕೆಲಸ ಇದೆ. ‘ಸಾಫ್ಟ್‌ವೇರ್’ ಪದದಲ್ಲಿ ‘ಟ್’ ಆದಮೇಲೆ ಕಣ್ಣಿಗೆ ಕಾಣದ ಒಂದು ನಾನ್-ಜಾಯ್ನರ್ (ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವ) ಅಕ್ಷರ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಹುಡುಕಾಟ ಸೋಲುತ್ತದೆ. ‘ಕೊ’ದಲ್ಲಿರುವ ಒತ್ವವನ್ನೂ ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿ ಬರೆಯಬಹುದು, ಎರಡಾಗಿಯೂ ಬರೆಯಬಹುದು. ಹೋಲಿಸುವ ಮೊದಲು ಎರಡೂ ಕಡೆ ನಾರ್ಮಲೈಸ್ ಮಾಡಿ (ಅಂದರೆ ಇಂಥವನ್ನೆಲ್ಲ ಒಂದೇ ರೂಪಕ್ಕೆ ತನ್ನಿ), ನಾನ್-ಜಾಯ್ನರ್ ತೆಗೆದುಬಿಡಿ. ನಾರ್ಮಲೈಸ್ ಮಾಡಿದ ಮಾತ್ರಕ್ಕೆ ನಾನ್-ಜಾಯ್ನರ್ ಹೋಗುವುದಿಲ್ಲ. ಮೂಲ ಪಠ್ಯದ ಸ್ಥಾನಗಳನ್ನು ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹೈಲೈಟ್ ಒಂದೆರಡು ಅಕ್ಷರ ಪಕ್ಕಕ್ಕೆ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಪಟ್ಟಿ ಕೆಳಗಿನ ಅಂಚಿಗೆ ಹೋಯಿತು, ಹೊರಟ ಜಾಗವನ್ನೂ ನೆನಪಿಟ್ಟುಕೊಳ್ಳುತ್ತಿದೆ. ನಾನ್-ಜಾಯ್ನರ್ ವಿಷಯ ನನಗೆ ಹೊಳೆದೇ ಇರಲಿಲ್ಲ, ನನ್ನ ಫೈಲ್‌ನಲ್ಲಿ ಅರ್ಧದಷ್ಟು ‘ಸಾಫ್ಟ್‌ವೇರ್’ ಸಿಗದೇ ಇದ್ದದ್ದು ಇದಕ್ಕೇ. ಇವತ್ತು ರಾತ್ರಿ ಅದಕ್ಕೆ ಕೈ ಹಾಕುತ್ತೇನೆ.