ಪ್ರಶ್ನೋತ್ತರ: ಟಮ್ಮಿ ಟಕ್ ನಂತರದ ನೋವು ಮತ್ತು ಟ್ರಮಡಾಲ್‌ನ ಭಯ

ಪ್ರಶ್ನೆ (ಬೀದರ್‌ನ ಸದಸ್ಯೆ):
ಡಾಕ್ಟರೇ, ನನಗೆ 38 ವರ್ಷ. ಎರಡು ಸಿಸೇರಿಯನ್ ಆಗಿವೆ. ಜೋತುಬಿದ್ದ ಹೊಟ್ಟೆ ಆರು ವರ್ಷವಾದರೂ ಹಿಂದಕ್ಕೆ ಹೋಗಿಲ್ಲ. ಬೇಸಿಗೆ ಬಂತೆಂದರೆ ಚರ್ಮದ ಮಡಿಕೆಯಲ್ಲಿ ಹುಣ್ಣಾಗುತ್ತದೆ. ಮುಂದಿನ ತಿಂಗಳು ಹೈದರಾಬಾದಿನಲ್ಲಿ ಟಮ್ಮಿ ಟಕ್ (ಜೋತ ಚರ್ಮ ತೆಗೆದು ಹೊಟ್ಟೆ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಳ್ಳಲು ದಿನ ಗೊತ್ತಾಗಿದೆ. ಶಸ್ತ್ರಚಿಕಿತ್ಸೆಗೆ ಹೆದರುವುದಿಲ್ಲ, ಮಾತ್ರೆಗೆ ಹೆದರುತ್ತೇನೆ. ನನ್ನ ಮೈದುನ ಕಾಲು ಮುರಿದಾಗ ಟ್ರಮಡಾಲ್ ಎಂಬ ನೋವಿನ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿದವನು, ಮೂಳೆ ಕೂಡಿದ ಮೇಲೂ ಬಿಡಲಾಗದೆ ಎರಡು ವರ್ಷ ಒದ್ದಾಡಿದ. ಆ ಜಾತಿಯ ಮಾತ್ರೆ ಇಲ್ಲದೆ ನೋವು ಸಹಿಸಬಹುದೇ? ಮನೆಯಲ್ಲಿ ಕೇಳಿದರೆ, “ನೀನೇ ಬಯಸಿ ಕೊಯ್ಯಿಸಿಕೊಳ್ಳುತ್ತಿದ್ದೀ, ನೋವನ್ನೂ ನೀನೇ ತಿನ್ನು” ಎನ್ನುತ್ತಾರೆ.

ಉತ್ತರ (ಕಲಬುರಗಿಯ ಅರಿವಳಿಕೆ ತಜ್ಞೆ):
ತಾಯಿ, ಮನೆಯವರ ಮಾತಿಗೇ ಮೊದಲು ಉತ್ತರಿಸುತ್ತೇನೆ. ಆ ಮಾತನ್ನು ನಂಬಿ ಹಲ್ಲುಕಚ್ಚಿ ಮಲಗಿದ ಹೆಂಗಸರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟಪಟ್ಟಿದ್ದೇನೆ. ಬಯಸಿ ಮಾಡಿಸಿಕೊಂಡ ಗಾಯಕ್ಕೂ ಅಪಘಾತದ ಗಾಯಕ್ಕೂ ನರಗಳು ಭೇದ ಮಾಡುವುದಿಲ್ಲ. ನೋವು ನುಂಗಿಕೊಂಡವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಎದ್ದು ನಡೆಯುವುದಿಲ್ಲ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ನೋವಿನಿಂದ ರಕ್ತದೊತ್ತಡ ಏರಿದರೆ ಹೊಲಿಗೆಯ ಒಳಗೆ ರಕ್ತ ಜಿನುಗಬಹುದು. ಹಾಗಾಗಿ ನೋವು ಶಮನ ಮಾಡುವುದು ಚಿಕಿತ್ಸೆಯ ಭಾಗ. ಇದನ್ನು ಮನೆಯಲ್ಲಿ ಓದಿ ಹೇಳಿ.

ಇನ್ನು ನಿಮ್ಮ ಪ್ರಶ್ನೆ. ಟ್ರಮಡಾಲ್ ಕಾರ್ಖಾನೆಯಲ್ಲಿ ತಯಾರಾಗುವ ಔಷಧಿಯಾದರೂ ಮೆದುಳಿನಲ್ಲಿ ಅದು ಕೆಲಸ ಮಾಡುವುದು ಅಫೀಮಿನ ದಾರಿಯಲ್ಲೇ. ಅದಿಲ್ಲದೆ, ಇಲ್ಲವೇ ತೀರಾ ಕಡಿಮೆ ಬಳಸಿ, ಈ ಶಸ್ತ್ರಚಿಕಿತ್ಸೆಯ ನೋವನ್ನು ದಾಟುವವರು ಬಹಳ ಮಂದಿ ಇದ್ದಾರೆ. ಆದರೆ ಅದರ ಸಿದ್ಧತೆ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕು.

ಟಮ್ಮಿ ಟಕ್‌ನಲ್ಲಿ ಹೆಚ್ಚು ನೋಯುವುದು ಚರ್ಮವಲ್ಲ. ಬಸಿರಿನಲ್ಲಿ ಅಗಲವಾದ ಹೊಟ್ಟೆಯ ಸ್ನಾಯುಗಳನ್ನು ನಡುವೆ ಎಳೆದು ಹೊಲಿಯುತ್ತಾರಲ್ಲ, ಆ ಬಿಗಿತವೇ ನೋಯುವುದು. ಮೊದಲ ಎರಡು ಮೂರು ದಿನ ಹೆಚ್ಚು, ಆಮೇಲೆ ಇಳಿಮುಖ. ಆದ್ದರಿಂದ ನಿಮ್ಮ ಅರಿವಳಿಕೆ ವೈದ್ಯರನ್ನು ಮುಂಚಿತವಾಗಿ ಭೇಟಿಯಾಗಿ, “ನನಗೆ ಟ್ಯಾಪ್ ಬ್ಲಾಕ್ ಕೊಡುತ್ತೀರಾ?” ಎಂದು ಕೇಳಿ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಹೊಟ್ಟೆಯ ಪಕ್ಕದ ಸ್ನಾಯುಪದರಗಳ ನಡುವೆ ಬುಪಿವಕೇನ್‌ನಂತಹ ಮರಗಟ್ಟಿಸುವ ಔಷಧಿ ಬಿಡುವ ಇಂಜೆಕ್ಷನ್ ಅದು. ಸುಮಾರು ಅರ್ಧ ದಿನ ಹೊಟ್ಟೆಯ ಮುಂಭಾಗವನ್ನು ಶಾಂತವಾಗಿಡುತ್ತದೆ. ಅದರ ಪರಿಣಾಮ ಮುಗಿಯುವುದು ಹೆಚ್ಚಾಗಿ ಮಧ್ಯರಾತ್ರಿ. “ಈಗ ನೋವೇ ಇಲ್ಲವಲ್ಲ” ಎಂದು ಸಂಜೆಯ ಮಾತ್ರೆ ಬಿಟ್ಟವರು ರಾತ್ರಿ ಎರಡು ಗಂಟೆಗೆ ಅಳುತ್ತಾ ಕುಳಿತಿರುತ್ತಾರೆ. ಬ್ಲಾಕ್ ಇಳಿಯುವ ಮುನ್ನವೇ ಮಾತ್ರೆ ಹೊಟ್ಟೆಯಲ್ಲಿರಬೇಕು.

ಮಾತ್ರೆಗಳಲ್ಲಿ ಬುನಾದಿ ಪ್ಯಾರಸಿಟಮಾಲ್. ಜ್ವರದ ಮಾತ್ರೆ ಎಂದು ಹಗುರವಾಗಿ ಕಾಣಬೇಡಿ. ಮೊದಲ ಮೂರು ನಾಲ್ಕು ದಿನ ನೋವು ಬರಲೆಂದು ಕಾಯದೆ, ಗಡಿಯಾರ ನೋಡಿ ಆರು ಗಂಟೆಗೊಮ್ಮೆ ತೆಗೆದುಕೊಂಡಾಗಲೇ ಅದರ ಬಲ ತಿಳಿಯುವುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ತೂಕ 50 ಕಿಲೋಗಿಂತ ಕಡಿಮೆಯಿದ್ದರೆ, ಯಕೃತ್ತಿನ ತೊಂದರೆಯಿದ್ದರೆ ಇನ್ನೂ ಕಡಿಮೆ. ನಮ್ಮ ಅಂಗಡಿಗಳಲ್ಲಿ ಸಿಗುವ ಅಸೆಕ್ಲೋಫಿನಾಕ್ ಮಾತ್ರೆಗಳಲ್ಲಿ, ನೆಗಡಿಯ ಮಾತ್ರೆಗಳಲ್ಲಿ, ಟ್ರಮಡಾಲ್ ಬೆರೆತ ಮಾತ್ರೆಗಳಲ್ಲಿ ಕೂಡ ಅನೇಕ ಬಾರಿ ಪ್ಯಾರಸಿಟಮಾಲ್ ಸೇರಿರುತ್ತದೆ. ಮಾತ್ರೆಯ ಪಟ್ಟಿಯ ಹಿಂಬದಿ ಓದದೆ ಮೂರು ಬಗೆ ನುಂಗಿದರೆ ಯಕೃತ್ತಿಗೆ ವಿಷವಾಗುತ್ತದೆ.

ಎರಡನೆಯದು ಉರಿಯೂತ ತಗ್ಗಿಸುವ ಮಾತ್ರೆ: ಐಬುಪ್ರೊಫೇನ್, ಡೈಕ್ಲೋಫಿನಾಕ್, ಸೆಲೆಕಾಕ್ಸಿಬ್ ಇತ್ಯಾದಿ. ಇವುಗಳಲ್ಲಿ ಒಂದನ್ನು ಮಾತ್ರ ಪ್ಯಾರಸಿಟಮಾಲ್ ಜೊತೆಗೆ ಕೊಟ್ಟರೆ, ಒಂದೊಂದೇ ಕೊಟ್ಟದ್ದಕ್ಕಿಂತ ನೋವು ಚೆನ್ನಾಗಿ ಇಳಿಯುತ್ತದೆ. ರಕ್ತಸ್ರಾವದ ಅಂಜಿಕೆ ಇರುವ ಸರ್ಜನ್‌ಗಳು ಸೆಲೆಕಾಕ್ಸಿಬ್ ಆಯ್ದುಕೊಳ್ಳುವುದುಂಟು, ಏಕೆಂದರೆ ಅದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಬರುವುದಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ, ಆಸ್ತಮಾ ಇದ್ದರೆ ಮೊದಲೇ ಹೇಳಿ. ನಮ್ಮ ಕಡೆಯ ಏಪ್ರಿಲ್ ಮೇ ಬಿಸಿಲಿನಲ್ಲಿ ನೀರು ಕುಡಿಯದೆ ಈ ಮಾತ್ರೆ ನುಂಗಿದರೆ ಮೂತ್ರಪಿಂಡ ಸೊರಗುತ್ತದೆ. ನೀರು, ಮಜ್ಜಿಗೆ ಧಾರಾಳವಾಗಿರಲಿ.

ಮಲಗುವ ಭಂಗಿಯೂ ಔಷಧಿಯೇ. ಬೆನ್ನಿಗೆ ಎರಡು ಮೂರು ದಿಂಬು, ಮೊಣಕಾಲಿನ ಕೆಳಗೆ ಒಂದು; ದೇಹ ಸೊಂಟದಲ್ಲಿ ಬಾಗಿರಲಿ. ಮೊದಲ ವಾರ ಸ್ವಲ್ಪ ಬಗ್ಗಿಯೇ ನಡೆಯಿರಿ, ನೇರ ನಿಲ್ಲಲು ಹಟ ಮಾಡಬೇಡಿ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ.

ಪ್ರಶ್ನೆ (ಸೇಡಂನ ಸದಸ್ಯೆ):
ನಮ್ಮಲ್ಲಿ ಬಾಣಂತಿಯರಿಗೆ ಬಿಸಿ ಶಾಖ ಕೊಡುತ್ತೇವೆ. ಇದಕ್ಕೂ ಕೊಡಬಹುದೇ? ಅರಿಶಿನ ಹಚ್ಚಬಹುದೇ?

ಉತ್ತರ:
ದಯವಿಟ್ಟು ಬೇಡ. ಟಮ್ಮಿ ಟಕ್ ಆದ ಮೇಲೆ ಹೊಕ್ಕುಳಿನ ಕೆಳಗಿನ ಚರ್ಮ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ. ಬಿಸಿನೀರಿನ ಚೀಲ ಸುಡುತ್ತಿದ್ದರೂ ಗೊತ್ತಾಗುವುದಿಲ್ಲ; ಬೊಬ್ಬೆ ಎದ್ದ ಮೇಲೆಯೇ ಕಾಣುವುದು. ಅದೇ ಕಾರಣಕ್ಕೆ ಮಂಜುಗಡ್ಡೆಯನ್ನೂ ನೇರವಾಗಿ ಇಡಬಾರದು. ಸರ್ಜನ್ ಒಪ್ಪಿದರೆ ಮಾತ್ರ ಬಟ್ಟೆಯಲ್ಲಿ ಸುತ್ತಿ, ಹದಿನೈದು ನಿಮಿಷ. ಅರಿಶಿನವನ್ನು ಹಾಲಿಗೆ ಚಿಟಿಕೆ ಹಾಕಿ ಕುಡಿಯಿರಿ, ಹೊಲಿಗೆಯ ಮೇಲೆ ಮಾತ್ರ ಯಾವ ಲೇಪವೂ ಬೇಡ.

ಪ್ರಶ್ನೆ (ಶಹಾಪುರದ ಸದಸ್ಯ, 24 ವರ್ಷ):
ಎದೆಯ ಉಬ್ಬು ತೆಗೆಸಿ ಮೂರು ದಿನವಾಯಿತು. ನೋವು ಅಷ್ಟೇನೂ ಇಲ್ಲ. ಬಿಗಿ ಅಂಗಿ ಸೆಕೆಗೆ ತಡೆಯಲಾಗುತ್ತಿಲ್ಲ, ಬಿಚ್ಚಿಡಲೇ? ಗುಟ್ಕಾ ಅಭ್ಯಾಸ ಇದೆ.

ಉತ್ತರ:
ನೋವು ಕಡಿಮೆಯಿದ್ದರೆ ಮಾತ್ರೆಯನ್ನು ಒಂದೊಂದಾಗಿ ಇಳಿಸಿ, ಮೊದಲು ಉರಿಯೂತದ್ದು, ಆಮೇಲೆ ಪ್ಯಾರಸಿಟಮಾಲ್. ಅಂಗಿಯನ್ನು ನೀವಾಗಿ ಬಿಡಬೇಡಿ, ಊತ ತಡೆದು ನೋವನ್ನು ಕಡಿಮೆ ಮಾಡುತ್ತಿರುವುದು ಅದೇ. ಇನ್ನೊಂದು ಜೊತೆ ಕೊಂಡು ಒಗೆದು ಬದಲಿಸಿ, ಒಳಗೆ ತೆಳು ಹತ್ತಿಯ ಬನಿಯನ್ ಹಾಕಿ. ಗುಟ್ಕಾವನ್ನು ಇವತ್ತೇ ಉಗುಳಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಕೊಯ್ದ ಚರ್ಮಕ್ಕೆ ರಕ್ತ ತಲುಪದೆ ಅಂಚು ಕಪ್ಪಾಗಿ ಸಾಯಬಹುದು. ಒಂದು ಪಕ್ಕ ಮಾತ್ರ ತಟ್ಟನೆ ಉಬ್ಬಿ ಬಿಗಿಯಾಗಿ ನೋಯಲು ಶುರುವಾದರೆ ಮಾತ್ರೆ ನುಂಗುತ್ತಾ ಕೂರದೆ ಆ ಗಳಿಗೆಯಲ್ಲೇ ಸರ್ಜನ್‌ಗೆ ಫೋನ್ ಮಾಡಿ. ಒಳಗೆ ರಕ್ತ ತುಂಬುತ್ತಿರುವ ಲಕ್ಷಣ ಅದು.

ಪ್ರಶ್ನೆ (ಬೀದರ್‌ನ ಸದಸ್ಯೆ, ಮತ್ತೆ):
ಇಷ್ಟೆಲ್ಲ ಮಾಡಿದರೂ ತಡೆಯಲಾಗದಿದ್ದರೆ? ಮತ್ತೆ, ಮೂರನೆಯ ದಿನ ಕಾರಿನಲ್ಲಿ ಊರಿಗೆ ಬರುವ ಯೋಚನೆಯಿದೆ.

ಉತ್ತರ:
ತಡೆಯಲಾಗದಿದ್ದರೆ ಟ್ರಮಡಾಲ್ ತೆಗೆದುಕೊಳ್ಳುವುದು ಸೋಲಲ್ಲ. ಎರಡು ಮೂರು ದಿನಕ್ಕೆ ಬೇಕಾಗುವಷ್ಟೇ, ಕೆಲವೇ ಮಾತ್ರೆ ಬರೆದುಕೊಡಿ ಎಂದು ಕೇಳಿ. ಮೈದುನನ ವಿಷಯವನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಟ್ರಮಡಾಲ್ 2018ರಿಂದ ಮಾದಕ ಔಷಧಿಗಳ ಕಾಯ್ದೆಯಡಿ ಇದೆ. ಚೀಟಿಯಿಲ್ಲದೆ ಕೊಡುವ ಅಂಗಡಿಯ ಕಡೆಗೆ ತಿರುಗಿಯೂ ನೋಡಬೇಡಿ. ನಿದ್ರೆ ಮಾತ್ರೆ, ಮದ್ಯದ ಜೊತೆ ಅದು ಉಸಿರನ್ನು ಕುಗ್ಗಿಸುತ್ತದೆ. ಫಿಟ್ಸ್ ಇರುವವರು, ಖಿನ್ನತೆಗೆ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಮುಟ್ಟಬಾರದು. ಮಲಬದ್ಧತೆ ಆಗುವುದು ಸಾಮಾನ್ಯ. ಹೊಲಿದ ಹೊಟ್ಟೆಯಿಂದ ತಿಣುಕುವುದು ದೊಡ್ಡ ಹಿಂಸೆ, ಆದ್ದರಿಂದ ಮಲ ಸಡಿಲಿಸುವ ಔಷಧಿಯನ್ನೂ ಜೊತೆಗೇ ಬರೆಸಿಕೊಳ್ಳಿ. ಮಾತ್ರೆ ಉಳಿದರೆ ಮನೆಯಲ್ಲಿ ಇಡಬೇಡಿ, ಮೈದುನ ಇರುವ ಮನೆಯಲ್ಲಂತೂ ಒಂದೂ ಬೇಡ.

ಪ್ರಯಾಣದ ಬಗ್ಗೆ ಸರ್ಜನ್ ಒಪ್ಪಿಗೆ ಮೊದಲು. ಸಾಧ್ಯವಾದರೆ ಇನ್ನೂ ಕೆಲವು ದಿನ ಹೈದರಾಬಾದಿನಲ್ಲೇ ಉಳಿಯಿರಿ ಎಂಬುದೇ ನನ್ನ ಆಸೆ. ಹೊರಡಲೇಬೇಕಾದರೆ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ, ಸೀಟ್ ಬೆಲ್ಟ್‌ಗೂ ಹೊಟ್ಟೆಗೂ ನಡುವೆ ಮೆತ್ತನೆಯ ದಿಂಬು ಇಡಿ. ಹೊರಡುವ ಒಂದು ಗಂಟೆ ಮೊದಲು ಮಾತ್ರೆ ತೆಗೆದುಕೊಳ್ಳಿ. ಸಂಗಾರೆಡ್ಡಿಯಲ್ಲಿ ಒಮ್ಮೆ, ಜಹೀರಾಬಾದಿನಲ್ಲಿ ಒಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಯಿರಿ. ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಮೀನಖಂಡ ಊದಿ ನೋಯತೊಡಗಿದರೆ, ಎದೆ ಹಿಡಿದು ಉಸಿರು ಕಟ್ಟಿದರೆ ಊರಿಗೆ ತಲುಪಿದ ಮೇಲೆ ನೋಡೋಣ ಎನ್ನಬೇಡಿ. ದಾರಿಯಲ್ಲಿ ಸಿಗುವ ಮೊದಲ ದೊಡ್ಡ ಆಸ್ಪತ್ರೆಗೆ ಕಾರು ತಿರುಗಿಸಿ. ಶಸ್ತ್ರಚಿಕಿತ್ಸೆಯ ಚೀಟಿ ನಿಮ್ಮ ಕೈಚೀಲದಲ್ಲೇ ಇರಲಿ, ಡಿಕ್ಕಿಯಲ್ಲಿ ಬೇಡ.